ಕೇಳುವ ಕ್ರಮವನ್ನು ಬರೆದಿಡಬಲ್ಲ ಪ್ಲೇಯರ್

ಟರ್ಮಿನಲ್‌ನಲ್ಲಿ ಒಂದು ಸಾಲು ಬರೆದು ಓಡಿಸುವ ಎಂಪಿವಿ ಎಂಬ ಪ್ಲೇಯರನ್ನು ಮೆಚ್ಚುವವರು ಸಾಮಾನ್ಯವಾಗಿ ಅದು ಹಗುರ, ತಟ್ಟನೆ ತೆರೆದುಕೊಳ್ಳುತ್ತದೆ ಎನ್ನುತ್ತಾರೆ. ಈ ಮೆಚ್ಚುಗೆ ಅದರ ನಿಜವಾದ ಗುಣವನ್ನು ಮುಟ್ಟುವುದಿಲ್ಲ. ಈಗಿನ ಕಂಪ್ಯೂಟರಿನಲ್ಲಿ ಹಾಡನ್ನೋ ಸಿನಿಮಾವನ್ನೋ ತೆರೆಯಲು ಯಾವ ಪ್ಲೇಯರಿಗೂ ಹೆಚ್ಚು ಹೊತ್ತು ಬೇಡ. ಚಿತ್ರ, ಧ್ವನಿಗಳ ಫೈಲನ್ನು ಬಿಡಿಸಿ ಓದುವ ಮುಖ್ಯ ಕೆಲಸಕ್ಕೆ ಎಂಪಿವಿಯೂ ಜನಪ್ರಿಯ ವಿಎಲ್‌ಸಿಯೂ ಎಫ್‌ಎಫ್‌ಎಂಪೆಗ್ ಯೋಜನೆಯ ತಂತ್ರಾಂಶವನ್ನೇ ನೆಚ್ಚಿಕೊಂಡಿವೆ. 2000ರಲ್ಲಿ ಹಂಗೇರಿಯಲ್ಲಿ ಹುಟ್ಟಿದ ಎಂಪ್ಲೇಯರ್, ಅದರಿಂದ ಕವಲೊಡೆದ ಎಂಪ್ಲೇಯರ್2, ಅದರಿಂದ ಮತ್ತೆ ಬೇರೆಯಾಗಿ 2013ರಲ್ಲಿ ಮೊದಲ ಆವೃತ್ತಿ ಕಂಡ ಎಂಪಿವಿ: ಈ ವಂಶದ ಹೆಚ್ಚುಗಾರಿಕೆ ಬೇರೊಂದು ಕಡೆ ಇದೆ. ಒಂದು ಧ್ವನಿಮುದ್ರಣವನ್ನು ಎಲ್ಲಿಂದ ಎಲ್ಲಿಯವರೆಗೆ, ಎಷ್ಟು ವೇಗದಲ್ಲಿ, ಯಾವ ಶ್ರುತಿಯಲ್ಲಿ ಕೇಳಲಾಯಿತು ಎಂಬುದನ್ನು ಇಲ್ಲಿ ಅಕ್ಷರಗಳಲ್ಲಿ ಬರೆದಿಡಬಹುದು. ಬರೆದಿಟ್ಟದ್ದನ್ನು ಇನ್ನೊಬ್ಬರು ತಮ್ಮ ಯಂತ್ರದಲ್ಲಿ ಹಾಗೆಯೇ ಕೇಳಬಹುದು.

ಇದು ಸಣ್ಣ ಸೌಕರ್ಯವಲ್ಲ. ಮಲ್ಲಿಕಾರ್ಜುನ ಮನಸೂರರ ಒಂದು ತಾನನ್ನು ಬಿಡಿಸಿ ಕಲಿಯಬೇಕೆನ್ನುವ ವಿದ್ಯಾರ್ಥಿಯನ್ನು ಗಮನಿಸಿ. ಅವರಿಗೆ ಬೇಕಾದದ್ದು ಕೆಲವೇ ಸೆಕೆಂಡುಗಳ ತುಣುಕು, ಅದೂ ನಿಧಾನಗತಿಯಲ್ಲಿ, ಮತ್ತೆ ಮತ್ತೆ. ಎಂಪಿವಿಯಲ್ಲಿ ಎಲ್ ಕೀಲಿಯನ್ನು ತುಣುಕಿನ ಆರಂಭದಲ್ಲೊಮ್ಮೆ ಕೊನೆಯಲ್ಲೊಮ್ಮೆ ಒತ್ತಿದರೆ ಆ ಭಾಗವಷ್ಟೇ ಸುತ್ತುತ್ತದೆ. ಎಡ ಚೌಕಾವರಣದ ಕೀಲಿ ವೇಗವನ್ನು ಸುಮಾರು ಹತ್ತನೆಯ ಒಂದು ಪಾಲು ತಗ್ಗಿಸುತ್ತದೆ. ವೇಗ ತಗ್ಗಿದರೂ ಷಡ್ಜ ಜಾರುವುದಿಲ್ಲ, ಏಕೆಂದರೆ ಶ್ರುತಿಯನ್ನು ಕಾಯುವ ವ್ಯವಸ್ಥೆ ಮೊದಲಿನಿಂದಲೇ ಚಾಲನೆಯಲ್ಲಿರುತ್ತದೆ. ಅದನ್ನು ನಿಲ್ಲಿಸಲೂ ಬರುತ್ತದೆ ಎಂಬುದು ಇನ್ನೂ ಮುಖ್ಯ. ಹಳೆಯ ಕ್ಯಾಸೆಟ್ಟುಗಳನ್ನು ಕಂಪ್ಯೂಟರಿಗೆ ಇಳಿಸುವಾಗ ಟೇಪು ತುಸು ವೇಗವಾಗಿ ಓಡಿದ್ದರೆ ಇಡೀ ಕಛೇರಿಯ ಶ್ರುತಿ ಏರಿ ಕೂತಿರುತ್ತದೆ, ಗಾಯಕರ ಕಂಠ ತೆಳುವಾಗಿ ಕೇಳುತ್ತದೆ. ಅಂಥ ಕಡೆ ಶ್ರುತಿಕಾವಲನ್ನು ತೆಗೆದು ವೇಗವನ್ನು 0.944 ಎಂದು ಕೊಟ್ಟರೆ ಧ್ವನಿ ಹಾರ್ಮೋನಿಯಂನ ಸರಿಯಾಗಿ ಒಂದು ಮನೆ ಕೆಳಗಿಳಿಯುತ್ತದೆ, ಲಯವೂ ಅದರ ಜತೆ ಇಳಿಯುತ್ತದೆ. ಮೂಲ ಫೈಲನ್ನು ಮುಟ್ಟಿಲ್ಲ, ಹೊಸ ಪ್ರತಿ ಮಾಡಿಲ್ಲ. ತಿದ್ದುಪಡಿ ಇರುವುದು ಆ ಒಂದು ಸಾಲಿನಲ್ಲಿ. ಅದು ತಪ್ಪೆಂದು ತೋರಿದವರು ಅಂಕಿಯನ್ನು ಬದಲಿಸಿ ತಮ್ಮ ವಾದವನ್ನು ಮುಂದಿಡಬಹುದು. ಸಂಗ್ರಹಕಾರರು ತಮ್ಮ ಕಿವಿಯನ್ನು ನಂಬಿ ಫೈಲನ್ನೇ ತಿದ್ದಿ ಹಂಚಿದಾಗ ಈ ಚರ್ಚೆಗೆ ಅವಕಾಶವೇ ಉಳಿಯುವುದಿಲ್ಲ.

ಇದೆಲ್ಲ ವಿಎಲ್‌ಸಿಯಲ್ಲೂ ಆಗುತ್ತದಲ್ಲ ಎಂಬ ಆಕ್ಷೇಪ ಸಹಜ. ವೇಗ ಬದಲಿಸುವುದು, ತುಣುಕನ್ನು ಸುತ್ತಿಸುವುದು ಅಲ್ಲಿಯೂ ಇದೆ. ಅದನ್ನೂ ಟರ್ಮಿನಲ್‌ನಿಂದ ಓಡಿಸಲು ಬರುತ್ತದೆ. ಆದರೆ ಅದು ಮೊದಲು ಗುಂಡಿ, ಮೆನುಗಳ ಪ್ಲೇಯರ್. ಬಹುಪಾಲು ಬಳಕೆದಾರರು ಮೌಸಿನಿಂದ ಮಾಡಿದ ಆಯ್ಕೆಗಳು ಕಿಟಕಿ ಮುಚ್ಚಿದೊಡನೆ ಗುರುತಿಲ್ಲದೆ ಹೋಗುತ್ತವೆ. ಎಂಪಿವಿಯಲ್ಲಿ ಆಜ್ಞೆಯ ಸಾಲಿನಲ್ಲಿ ಯಾವ ಆಯ್ಕೆಗೆ ಯಾವ ಹೆಸರೋ ಸಂರಚನೆಯ ಫೈಲಿನಲ್ಲೂ ಅದೇ ಹೆಸರು. ಇಂದು ಒಂದು ಸಲಕ್ಕೆಂದು ಬರೆದದ್ದು ಹಿಡಿಸಿದರೆ ನಾಳೆ ಅದೇ ಮಾತು ಕಾಯಂ ನಿಯಮವಾಗುತ್ತದೆ. ಹೆಚ್ಚು ಬೇಕಾದವರು ಲುವಾ ಭಾಷೆಯಲ್ಲಿ ಸಣ್ಣ ಪ್ರೋಗ್ರಾಂ ಬರೆದು ಸೇರಿಸಬಹುದು. ಮ್ಯಾಕ್ ಕಂಪ್ಯೂಟರುಗಳ ಐಐಎನ್‌ಎ ಎಂಬ ಅಂದದ ಪ್ಲೇಯರ್ ನಿಂತಿರುವುದೂ ಇದೇ ಅಡಿಪಾಯದ ಮೇಲೆ.

ಇದಕ್ಕಿಂತ ಬಲವಾದ ಆಕ್ಷೇಪ ಬೇರೆ ಇದೆ: ಕಣ್ಣಿಗೆ ಕಾಣದ ಸೌಲಭ್ಯ ಇದ್ದೂ ಇಲ್ಲದಂತೆ. ಇದನ್ನು ಒಪ್ಪಲೇಬೇಕು. ಕ್ಯೂ ಒತ್ತಿದರೆ ನೋಡುತ್ತಿದ್ದ ಜಾಗ ಮರೆತುಹೋಗುತ್ತದೆ, ಶಿಫ್ಟ್ ಸಹಿತ ಒತ್ತಿದರೆ ನೆನಪಿರುತ್ತದೆ ಎಂಬುದು ಯಾರಾದರೂ ಹೇಳದೆ ಗೊತ್ತಾಗುವಂಥದ್ದಲ್ಲ. ಹಾರ್ಡ್‌ವೇರ್ ನೆರವಿನಿಂದ ವಿಡಿಯೊ ಬಿಡಿಸುವ ಏರ್ಪಾಡು ಮೊದಲ ಸ್ಥಿತಿಯಲ್ಲಿ ಆರಿಯೇ ಇರುತ್ತದೆ. ತೊಂದರೆಗಳು ಕಡಿಮೆಯಾಗಲೆಂದು ಮಾಡಿದ ಈ ತೀರ್ಮಾನಕ್ಕೆ ಲ್ಯಾಪ್‌ಟಾಪಿನ ಬ್ಯಾಟರಿ ಬೆಲೆ ತೆರುತ್ತದೆ, ಹೊಸ ಬಳಕೆದಾರರಿಗೆ ಕಾರಣ ತಿಳಿಯುವುದಿಲ್ಲ. ಕೈಪಿಡಿ ದೊಡ್ಡದು, ನಿಖರವಾದದ್ದು; ಆದರೆ ಇಂಗ್ಲಿಷಿನಲ್ಲಿದೆ, ಮತ್ತು ಕಲಿಯಲು ಬಂದವರಿಗಿಂತ ಹುಡುಕಲು ಬಂದವರಿಗಾಗಿ ಬರೆದದ್ದು. ಇತ್ತೀಚಿನ ಆವೃತ್ತಿಗಳಲ್ಲಿ ಪ್ರಶ್ನಾರ್ಥಕ ಚಿಹ್ನೆ ಒತ್ತಿದರೆ ಕೀಲಿಗಳ ಪಟ್ಟಿ ಪರದೆಯ ಮೇಲೆ ಬರುತ್ತದೆ. ಇದು ಮೊದಲೇ ಬರಬೇಕಿತ್ತು.

ಕನ್ನಡದ ಮಟ್ಟಿಗೆ ಫಲ ಮಿಶ್ರ. ಉಪಶೀರ್ಷಿಕೆಗಳನ್ನು ಮೂಡಿಸಲು ಎಂಪಿವಿ ಬಳಸುವ ಲಿಬಾಸ್, ಅಕ್ಷರಗಳನ್ನು ಜೋಡಿಸಲು ಹಾರ್ಫ್‌ಬಜ್ ಅನ್ನು ಕರೆಯುತ್ತದೆ. ಹೀಗಾಗಿ ಯುನಿಕೋಡ್ ಫೈಲೂ ತಕ್ಕ ಫಾಂಟೂ ಇದ್ದರೆ ಪರದೆಯ ಮೇಲೆ ಕನ್ನಡದ ಒತ್ತಕ್ಷರಗಳು ಸರಿಯಾಗಿ ಕೂರುತ್ತವೆ. ಮಾತಿಗೂ ಸಾಲಿಗೂ ಹೊಂದದಿದ್ದರೆ ಜೆಡ್ ಕೀಲಿಯಿಂದ ಸೆಕೆಂಡಿನ ಹತ್ತನೆಯ ಒಂದು ಭಾಗದಷ್ಟು ಸರಿಸಬಹುದು. ಉಪಶೀರ್ಷಿಕೆ ಬರೆಯುವವರಿಗೆ ಇದು ದೊಡ್ಡ ಅನುಕೂಲ. ಆದರೆ ಆ ಫೈಲಿನ ಹೆಸರೇ ಕನ್ನಡದಲ್ಲಿದ್ದರೆ ಅನೇಕ ಟರ್ಮಿನಲ್‌ಗಳು ಅದನ್ನು ಚೂರುಚೂರಾಗಿ ತೋರಿಸುತ್ತವೆ, ಏಕೆಂದರೆ ಅವು ಪ್ರತಿ ಅಕ್ಷರಕ್ಕೂ ಒಂದೇ ಅಳತೆಯ ಚೌಕ ಕೊಡುತ್ತವೆ. ದೋಷ ಪ್ಲೇಯರಿನದಲ್ಲ, ಆದರೂ ಕನ್ನಡದ ಬಳಕೆದಾರರು ಎದುರಿಸುವುದು ಎರಡನ್ನೂ ಒಟ್ಟಿಗೇ.

ಸಂಜೆ ಮನೆಮಂದಿಯೆಲ್ಲ ಕೂತು ಸಿನಿಮಾ ನೋಡುವುದಕ್ಕೆ ಇದನ್ನು ಕಲಿಯಬೇಕಿಲ್ಲ. ಅಲ್ಲಿ ವಿಎಲ್‌ಸಿ ಸಾಕು. ಧ್ವನಿಮುದ್ರಣವನ್ನು ಓದುವ ಹಾಗೆ ಕೇಳುವವರಿಗೆ, ಅಂದರೆ ಸಂಗೀತ ಕಲಿಯುವವರಿಗೆ, ತಾಳಮದ್ದಳೆಯ ಅರ್ಥಗಾರಿಕೆಯನ್ನು ಅಕ್ಷರಕ್ಕಿಳಿಸುವವರಿಗೆ, ಜಾನಪದ ಸಂಗ್ರಾಹಕರಿಗೆ ಇದಕ್ಕಿಂತ ಒಳ್ಳೆಯ ಉಪಕರಣ ಉಚಿತವಾಗಿ ಸಿಗುವುದು ಕಷ್ಟ. ಹಳೆಯ ಕಛೇರಿಗಳನ್ನು ಹಂಚುವವರಲ್ಲಿ ಒಂದು ವಿನಂತಿ: ಫೈಲನ್ನು ತಿದ್ದದೆ ಇದ್ದಂತೆಯೇ ಕಳುಹಿಸಿ, ಯಾವ ವೇಗದಲ್ಲಿ ಕೇಳಿದರೆ ಶ್ರುತಿ ಸರಿಹೋಗುತ್ತದೆಂದು ನಿಮಗೆ ಕಂಡಿದೆಯೋ ಆ ಸಾಲನ್ನೂ ಅದರ ಜತೆಗೆ ಬರೆದು ಕಳುಹಿಸಿ.