ಪ್ರಾವೀಣ್ಯಲಕ್ಷಣ ವಿಮರ್ಶೆ

ಶಾಸ್ತ್ರದ ಪ್ರವೃತ್ತಿಯು ಉದ್ದೇಶ, ಲಕ್ಷಣ, ಪರೀಕ್ಷೆಯೆಂದು ಮೂರು ವಿಧವೆಂಬುದಾಗಿ ನ್ಯಾಯಭಾಷ್ಯಕಾರನಾದ ವಾತ್ಸ್ಯಾಯನನು ನಿರೂಪಿಸಿರುವುದು ವಿದ್ವಾಂಸರಿಗೆ ವಿದಿತವೇ ಆಗಿದೆ. ಪದಾರ್ಥವನ್ನು ಹೆಸರಿಸುವುದು ಉದ್ದೇಶ. ಅದನ್ನು ಇತರ ಪದಾರ್ಥಗಳಿಂದ ಬೇರ್ಪಡಿಸುವ ಧರ್ಮವನ್ನು ಹೇಳುವುದು ಲಕ್ಷಣ. ಹೇಳಿದ ಲಕ್ಷಣವು ಲಕ್ಷ್ಯಕ್ಕೆ ಹೊಂದುವುದೋ ಇಲ್ಲವೋ ಎಂದು ಪ್ರಮಾಣಗಳಿಂದ ನಿಶ್ಚಯಿಸುವುದು ಪರೀಕ್ಷೆ. ಈ ಕ್ರಮದಲ್ಲಿ ಲಕ್ಷಣವು ಪರೀಕ್ಷೆಗಿಂತ ಮುಂಚೆ ಬರತಕ್ಕದ್ದು. ಕಿರಿಯ ಮತ್ತು ಹಿರಿಯ ಪ್ರಾಥಮಿಕ ತರಗತಿಗಳ ಮಕ್ಕಳ ಪ್ರಾವೀಣ್ಯವನ್ನು ಏಕರೂಪವಾದ ಪ್ರಶ್ನಪತ್ರಿಕೆಗಳಿಂದ ಅಳೆಯುವ ಕಾರ್ಯವು ಇಂದು ನಾನಾ ದೇಶಗಳಲ್ಲಿ ನಡೆಯುತ್ತಿರುವುದಷ್ಟೆ. ಅದರಲ್ಲಿ ಉದ್ದೇಶವುಂಟು, ಪರೀಕ್ಷೆಯೂ ಉಂಟು. ನಡುವಣ ಲಕ್ಷಣವೊಂದು ಮಾತ್ರ ನೆಲೆಯಾಗಿ ನಿಂತಿಲ್ಲ. ಆದಕಾರಣ ಆ ಲಕ್ಷಣವನ್ನೇ ಇಲ್ಲಿ ವಿಮರ್ಶಿಸುವುದು ಉಚಿತವಾಗಿದೆ.

‘ಪ್ರವೀಣ’ ಶಬ್ದವು ಮೊದಲು ವೀಣಾವಾದನದಲ್ಲಿ ಪ್ರಕರ್ಷವುಳ್ಳವನನ್ನು ಹೇಳುತ್ತಿದ್ದು, ತರುವಾಯ ರೂಢಿಯ ಬಲದಿಂದ ಯಾವ ಕಾರ್ಯದಲ್ಲಾದರೂ ನಿಪುಣನಾದವನನ್ನು ಹೇಳುವಂತಾಯಿತೆಂದು ಪಂಡಿತರ ಅಭಿಪ್ರಾಯ. ದರ್ಭೆಯನ್ನು ತರಬಲ್ಲವನೆಂಬ ಅರ್ಥದ ‘ಕುಶಲ’ ಶಬ್ದದ ಗತಿಯೂ ಅದೇ. ಎರಡು ಶಬ್ದಗಳಲ್ಲಿಯೂ ಮೂಲಾರ್ಥವಾಗಿರುವುದು ಕ್ರಿಯೆಯನ್ನು ಮಾಡಿ ತೋರಿಸುವ ಶಕ್ತಿ. ವೀಣೆಯ ತಂತಿಗಳೆಷ್ಟೆಂಬ ಪ್ರಶ್ನೆಗೆ ನಾಲ್ಕು ಉತ್ತರಗಳೊಳಗೆ ಸರಿಯಾದುದನ್ನು ಗುರುತಿಸಿದವನನ್ನು ಯಾರೂ ಪ್ರವೀಣನೆನ್ನಲಾರರು. ಈಗಿನ ವರದಿಗಳಲ್ಲಾದರೋ ಈ ಶಬ್ದವು ಮತ್ತೊಮ್ಮೆ ಅರ್ಥಾಂತರವನ್ನು ಹೊಂದಿ, ಅಂಕಗಳ ಶ್ರೇಣಿಯಲ್ಲಿ ಒಂದು ಗೆರೆಯನ್ನು ದಾಟಿದವನೆಂಬಷ್ಟೇ ಅರ್ಥವನ್ನು ಕೊಡುತ್ತಿದೆ. ಆ ಗೆರೆಯನ್ನು ಎಲ್ಲಿ ಎಳೆಯಬೇಕೆಂಬುದು ಅದನ್ನೆಳೆಯುವ ಮಂಡಲಿಯ ನಿರ್ಣಯಕ್ಕೆ ಸೇರಿದುದು.

ಇದರ ಫಲವೇನೆಂಬುದಕ್ಕೆ ಅಮೆರಿಕದ ಸಂಯುಕ್ತ ಸಂಸ್ಥಾನಗಳ ಅನುಭವವು ಸ್ಪಷ್ಟವಾದ ದೃಷ್ಟಾಂತ. ಯಾವ ಮಗುವನ್ನೂ ಹಿಂದೆ ಬಿಡಬಾರದೆಂಬ ಅರ್ಥದ ಹೆಸರುಳ್ಳ ಶಾಸನವೊಂದು 2002ರ ಜನವರಿಯಲ್ಲಿ ಅಲ್ಲಿನ ಅಧ್ಯಕ್ಷರ ಅಂಕಿತವನ್ನು ಪಡೆಯಿತು. ಮೂರರಿಂದ ಎಂಟನೆಯವರೆಗಿನ ತರಗತಿಗಳಲ್ಲಿ ವರ್ಷಕ್ಕೊಮ್ಮೆ ವಾಚನ ಮತ್ತು ಗಣಿತಗಳಲ್ಲಿ ಪರೀಕ್ಷೆಯು ನಡೆಯತಕ್ಕದ್ದೆಂದೂ, 2013–14ರ ಶಾಲಾವರ್ಷದ ಹೊತ್ತಿಗೆ ಸಮಸ್ತ ವಿದ್ಯಾರ್ಥಿಗಳೂ ಪ್ರವೀಣರಾಗತಕ್ಕದ್ದೆಂದೂ ಅದು ವಿಧಿಸಿತು. ಪ್ರವೀಣನೆಂದರೆ ಯಾರು ಎಂಬುದನ್ನು ಹೇಳುವ ಹೊಣೆಯನ್ನು ಮಾತ್ರ ಒಂದೊಂದು ರಾಜ್ಯಕ್ಕೂ ಬಿಟ್ಟುಕೊಟ್ಟಿತು. ಗುರಿಯತ್ತ ಸಾಗದ ಶಾಲೆಗಳಿಗೆ ವರ್ಷವರ್ಷಕ್ಕೂ ಕಠಿಣವಾಗುವ ಕ್ರಮಗಳು ಕಾದಿದ್ದುವು. ದಂಡನೆಯ ಭಯವೂ ಗೆರೆಯೆಳೆಯುವ ಅಧಿಕಾರವೂ ಒಂದೆಡೆ ಕೂಡಿದಾಗ ಗೆರೆಯು ಕೆಳಕ್ಕೆ ಸರಿಯುವ ಸಂಭವವು ಹೆಚ್ಚು. ಅಂತೆಯೇ, 2005ರ ಫಲಿತಗಳನ್ನು ನೇಪ್ ಎಂಬ ರಾಷ್ಟ್ರೀಯ ಸಮೀಕ್ಷೆಯ ಮಾನದೊಡನೆ ಹೋಲಿಸಿ ನೋಡಿದಾಗ, ನಾಲ್ಕನೆಯ ತರಗತಿಯ ವಾಚನದಲ್ಲಿ ಹೋಲಿಕೆಗೆ ಒಳಪಟ್ಟ ಹೆಚ್ಚಿನ ರಾಜ್ಯಗಳ ಪ್ರಾವೀಣ್ಯದ ಗೆರೆಯು ನೇಪಿನ ಮೂಲಮಟ್ಟಕ್ಕಿಂತಲೂ ಕೆಳಗಿದ್ದುದು ಕಂಡುಬಂದಿತು. 2014 ಬಂದಾಗ ಸಮಸ್ತರೂ ಪ್ರವೀಣರಾಗಿರಲಿಲ್ಲ. 2015ರ ಡಿಸೆಂಬರಿನಲ್ಲಿ ಬೇರೊಂದು ಶಾಸನವು ಆ ಸ್ಥಾನಕ್ಕೆ ಬಂದಿತು; ವಾರ್ಷಿಕ ಪರೀಕ್ಷೆಯು ಉಳಿದುಕೊಂಡಿತು.

ಹಾಗಾದರೆ ನೇಪಿನ ಗೆರೆಯೇ ನಿರ್ದುಷ್ಟವೆನ್ನಬಹುದೆ? ಅದೂ ವಿಚಾರಾರ್ಹವೇ. 1969ರಿಂದ ನಡೆದುಬಂದಿರುವ ಈ ಸಮೀಕ್ಷೆಯಲ್ಲಿ ಪ್ರಾವೀಣ್ಯವೆಂಬ ಮಟ್ಟವು ಆಯಾ ತರಗತಿಗೆ ತಕ್ಕ ಸಾಮಾನ್ಯಯೋಗ್ಯತೆಯನ್ನು ಹೇಳತಕ್ಕದ್ದಲ್ಲ, ಅದಕ್ಕಿಂತ ಎತ್ತರವಾದುದೆಂದು ಸಮೀಕ್ಷೆಯನ್ನು ಪ್ರಕಟಿಸುವವರೇ ತಿಳಿಸಿರುವರು. ಇದನ್ನು ಮರೆತವರು, ಆ ಮಟ್ಟವನ್ನು ಮುಟ್ಟದ ಮಕ್ಕಳೆಲ್ಲರೂ ಓದಲಾರದವರೆಂದು ಸಾರುವರು. ತರಗತಿಯ ಕೆಲಸವನ್ನು ನೆಟ್ಟಗೆ ಮಾಡಬಲ್ಲ ಮಗುವು ಆಗ ಲಕ್ಷಣದ ಹೊರಗೆ ಉಳಿಯುತ್ತದೆ, ಇದು ಅವ್ಯಾಪ್ತಿ. ರಾಜ್ಯಗಳ ತಗ್ಗಿದ ಗೆರೆಯಲ್ಲಿ ಓದಲು ತಡವರಿಸುವ ಮಗುವೂ ಪ್ರವೀಣರ ಗುಂಪಿಗೆ ಸೇರುತ್ತದೆ, ಇದು ಅತಿವ್ಯಾಪ್ತಿ. ಸಮಸ್ತರೂ ಗೊತ್ತಾದ ವರ್ಷದೊಳಗೆ ಪ್ರವೀಣರಾಗಬೇಕೆಂಬ ವಿಧಿಯಲ್ಲಾದರೋ ಅಸಂಭವದ ಛಾಯೆಯೇ ಇದ್ದಿತು. ಒಂದೇ ಶಬ್ದವನ್ನಾಶ್ರಯಿಸಿ ಮೂರು ದೋಷಗಳೂ ನಿಂತಿರುವುದು ಲಾಕ್ಷಣಿಕರಿಗೆ ಗಮನಾರ್ಹವಾದ ಸಂಗತಿ.

ಭಾರತದಲ್ಲಿಯೂ ಇದೇ ವಿಚಾರವು ಬೇರೊಂದು ರೂಪದಲ್ಲಿ ತಲೆದೋರಿದೆ. 2021ರ ನವೆಂಬರ್ 12ರಂದು ನಡೆದ ರಾಷ್ಟ್ರೀಯ ಸಾಧನಾ ಸಮೀಕ್ಷೆಯು ಸುಮಾರು 34 ಲಕ್ಷ ವಿದ್ಯಾರ್ಥಿಗಳನ್ನು ಪರೀಕ್ಷಿಸಿ, ಅವರನ್ನು ಮೂಲಮಟ್ಟಕ್ಕಿಂತ ಕೆಳಗಿನವರು, ಮೂಲಮಟ್ಟದವರು, ಪ್ರವೀಣರು, ಉನ್ನತರು ಎಂಬ ಅರ್ಥದ ನಾಲ್ಕು ವರ್ಗಗಳಾಗಿ ವಿಂಗಡಿಸಿತು. ಅಮೆರಿಕದ ಪರಿಭಾಷೆಯು ಇಲ್ಲಿಗೂ ಬಂದಿರುವುದರಿಂದ ಮೇಲೆ ಹೇಳಿದ ಎಚ್ಚರಿಕೆಯು ಇಲ್ಲಿಯೂ ಅವಶ್ಯಕ. ಇದಕ್ಕೆ ಪ್ರತಿಯಾಗಿ ‘ಅಸರ್’ ಎಂಬ ಸಮೀಕ್ಷೆಯ ರೀತಿಯನ್ನು ನೋಡಬಹುದು. ಪ್ರಥಮ್ ಸಂಸ್ಥೆಯ ಆಶ್ರಯದಲ್ಲಿ 2005ರಲ್ಲಿ ಆರಂಭವಾದ ಈ ಸಮೀಕ್ಷೆಯು ಗ್ರಾಮಾಂತರದ ಮನೆಮನೆಗೆ ಹೋಗಿ ಒಂದೊಂದು ಮಗುವಿನ ಮುಂದೆಯೂ ಅಕ್ಷರ, ಪದ, ಒಂದನೆಯ ತರಗತಿಯ ಪಾಠ, ಎರಡನೆಯ ತರಗತಿಯ ಕಥೆ ಎಂಬ ನಾಲ್ಕನ್ನಿಟ್ಟು ಓದಿಸಿ ನೋಡುತ್ತದೆ. ಇಲ್ಲಿ ಲಕ್ಷಣವು ಕ್ರಿಯಾರೂಪವಾಗಿದೆ. ಐದನೆಯ ತರಗತಿಯ ಮಕ್ಕಳಲ್ಲಿ ಎರಡನೆಯ ತರಗತಿಯ ಪಾಠವನ್ನು ಓದಬಲ್ಲವರು 2018ರಲ್ಲಿ ನೂರಕ್ಕೆ ಸುಮಾರು 50, ಶಾಲೆಗಳು ಮುಚ್ಚಿದ್ದ ಸಾಂಕ್ರಾಮಿಕದ ತರುವಾಯ 2022ರಲ್ಲಿ ಸುಮಾರು 43, 2024ರಲ್ಲಿ ಸುಮಾರು 49 ಎಂಬ ದೇಶದ ಲೆಕ್ಕವನ್ನು ಕೇಳಿದ ಉಪಾಧ್ಯಾಯನಿಗೆ ಅರ್ಥದಲ್ಲಿ ಸಂಶಯವುಂಟಾಗುವುದಿಲ್ಲ. ಓದಿದ ಮಗುವಿಗೆ ಅರ್ಥವಾಯಿತೇ ಎಂಬುದನ್ನು ಈ ಗಟ್ಟಿವಾಚನವು ಪೂರ್ಣವಾಗಿ ಹೇಳಲಾರದೆಂಬುದು ನಿಜ; ಅರ್ಥಜ್ಞಾನವಿಲ್ಲದ ಪಠನವನ್ನು ಯಾಸ್ಕನೂ ಒಪ್ಪಲಿಲ್ಲ. ಆದರೆ ಅದು ತಾನು ಅಳೆದುದಕ್ಕಿಂತ ಹೆಚ್ಚಿನ ಹೆಸರನ್ನು ಇಟ್ಟುಕೊಂಡಿಲ್ಲ. ಪರೀಕ್ಷೆಗಳೆಲ್ಲವೂ ತ್ಯಾಜ್ಯವೆನ್ನುವ ಪಕ್ಷಕ್ಕೂ ಇದರಲ್ಲಿಯೇ ಉತ್ತರವಿದೆ. ಈ ಎಣಿಕೆಯು ನಡೆಯದಿದ್ದರೆ ಓದಲಾರದೆ ಐದನೆಯ ತರಗತಿಗೆ ಬಂದ ಅರ್ಧದಷ್ಟು ಮಕ್ಕಳ ಕಷ್ಟವು ಹಾಜರಿಪುಸ್ತಕಗಳ ನಡುವೆ ಮರೆಯಾಗಿಯೇ ಇರುತ್ತಿತ್ತು.

ಇನ್ನು ಸಮಷ್ಟಿ ವ್ಯಷ್ಟಿಗಳ ಭೇದವನ್ನು ವಿಚಾರಿಸಬೇಕು. ಮೇಲೆ ಹೇಳಿದ ಸಮೀಕ್ಷೆಗಳು ಕೆಲವರನ್ನು ನೋಡಿ ಸಮಸ್ತರ ಸ್ಥಿತಿಯನ್ನು ಊಹಿಸತಕ್ಕವು. ನೇಪಿನಲ್ಲಿ ಒಂದೊಂದು ಮಗುವೂ ಪ್ರಶ್ನೆಗಳ ಒಂದು ಭಾಗಕ್ಕೆ ಮಾತ್ರ ಉತ್ತರ ಬರೆಯುತ್ತದೆ. ಯಾವ ಮಗುವಿಗೂ ಅದರಿಂದ ಅಂಕ ದೊರೆಯುವುದಿಲ್ಲ. ತೇರ್ಗಡೆಯ ಪರೀಕ್ಷೆಯಾದರೋ ವ್ಯಕ್ತಿಯ ಮೇಲೆ ತೀರ್ಪನ್ನು ಕೊಡತಕ್ಕದ್ದು. ವ್ಯವಸ್ಥೆಯ ಗುಣದೋಷಗಳನ್ನು ತಿಳಿಯಲು ಹೊರಟ ಸಾಧನವು ಮಗುವಿನ ತೀರ್ಪಾಗಿ ಪರಿಣಮಿಸಿದರೆ, ವ್ಯವಸ್ಥೆಯ ಲೋಪದ ಭಾರವನ್ನು ಹತ್ತು ವರ್ಷದ ಮಗುವು ಹೊರಬೇಕಾಗುತ್ತದೆ. 2009ರ ಶಿಕ್ಷಣಹಕ್ಕಿನ ಶಾಸನವು ಪ್ರಾಥಮಿಕ ಶಿಕ್ಷಣವು ಮುಗಿಯುವವರೆಗೆ ಯಾವ ಮಗುವೂ ಮಂಡಲಿಯ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕಾಗಿಲ್ಲವೆಂದು ತನ್ನ 30ನೆಯ ಪ್ರಕರಣದಲ್ಲಿ ಹೇಳಿತು. 2019ರ ತಿದ್ದುಪಡಿಯು ಐದು ಮತ್ತು ಎಂಟನೆಯ ತರಗತಿಗಳ ಕೊನೆಯಲ್ಲಿ ಪರೀಕ್ಷೆಯನ್ನೂ, ಅನುತ್ತೀರ್ಣರಿಗೆ ಮರುಪರೀಕ್ಷೆಯನ್ನೂ ವಿಧಿಸಿ, ಆಮೇಲೆ ಅವರನ್ನು ಅದೇ ತರಗತಿಯಲ್ಲಿ ನಿಲ್ಲಿಸಲು ಅವಕಾಶವನ್ನು ಕೊಟ್ಟಿತು.

ಈ ಎರಡು ವಿಧಿಗಳ ನಡುವಣ ಸಂದಿಗ್ಧತೆಯು ಕರ್ಣಾಟಕದಲ್ಲಿ 2024ರಲ್ಲಿ ಪ್ರತ್ಯಕ್ಷವಾಯಿತು. ಐದು, ಎಂಟು, ಒಂಬತ್ತು, ಹನ್ನೊಂದನೆಯ ತರಗತಿಗಳಿಗೆ ಮಂಡಲಿಯ ಮಟ್ಟದ ಪರೀಕ್ಷೆಯನ್ನು ಏರ್ಪಡಿಸಿದ ಆಜ್ಞೆಗಳನ್ನು ಉಚ್ಚ ನ್ಯಾಯಾಲಯದ ಏಕಸದಸ್ಯಪೀಠವು ಮಾರ್ಚ್ 6ರಂದು ರದ್ದುಗೊಳಿಸಿತು. ಪರೀಕ್ಷೆಯು ಆರಂಭವಾಗಿ, ನಡುವೆ ನಿಂತು, ಮಾರ್ಚ್ 22ರ ವಿಭಾಗೀಯ ಪೀಠದ ತೀರ್ಪಿನ ಮೇಲೆ ಮತ್ತೆ ಮುಂದುವರಿಯಿತು. ಏಪ್ರಿಲ್ 8ರಂದು ಸರ್ವೋಚ್ಚ ನ್ಯಾಯಾಲಯವು ಫಲಿತಪ್ರಕಟನೆಗೆ ತಡೆಯನ್ನು ವಿಧಿಸಿತು. ಪ್ರಶ್ನೆಗಳಿಗೆ ಉತ್ತರ ಬರೆದು ಮನೆಗೆ ಹೋದ ಮಕ್ಕಳಿಗೆ ತಾವು ಪರೀಕ್ಷಿಸಲ್ಪಟ್ಟುದು ಏತಕ್ಕಾಗಿ ಎಂಬುದೇ ತಿಳಿಯದಾಯಿತು. ಲಕ್ಷಣವನ್ನೂ ಪ್ರಯೋಜನವನ್ನೂ ಮೊದಲು ನಿರ್ಣಯಿಸದೆ ಪರೀಕ್ಷೆಗೆ ತೊಡಗಿದರೆ ಇಂತಹ ಗತಿಯೇ ಪ್ರಾಪ್ತವಾಗುವುದು.

ವಿದ್ಯೆಯು ಗುರುವಿನಿಂದ ಪಡೆಯುವಾಗ, ತಾನೇ ಅಭ್ಯಸಿಸುವಾಗ, ಇತರರಿಗೆ ಹೇಳುವಾಗ, ವ್ಯವಹಾರದಲ್ಲಿ ತೊಡಗಿಸುವಾಗ ಎಂದು ನಾಲ್ಕು ಕಾಲಗಳಲ್ಲಿ ಉಪಯುಕ್ತವಾಗುವುದೆಂಬುದು ಮಹಾಭಾಷ್ಯಕಾರನ ಮತ. ಏಕರೂಪದ ಪ್ರಶ್ನಪತ್ರಿಕೆಯು ಇವುಗಳಲ್ಲಿ ಮೊದಲನೆಯದನ್ನು ಬಹುಮಟ್ಟಿಗೂ ಎರಡನೆಯದನ್ನು ಸ್ವಲ್ಪಮಟ್ಟಿಗೂ ಕಾಣಬಲ್ಲದು. ಮಗುವು ತಾನರಿತುದನ್ನು ತನ್ನ ಮಾತಿನಲ್ಲಿ ಮತ್ತೊಬ್ಬರಿಗೆ ಹೇಳಬಲ್ಲದೆ, ಸಂತೆಯ ಲೆಕ್ಕದಲ್ಲಿಯೂ ಮನೆಗೆ ಬಂದ ಪತ್ರದ ಓದಿನಲ್ಲಿಯೂ ಅದನ್ನು ಬಳಸಬಲ್ಲದೆ ಎಂಬುದನ್ನು ಪ್ರತಿದಿನವೂ ಎದುರಿಗಿರುವ ಉಪಾಧ್ಯಾಯನೇ ಕಾಣಬೇಕು. ಆದುದರಿಂದ ಪ್ರಾವೀಣ್ಯದ ಅಂಕಿಗಳು ಕೈಗೆ ಬಂದಾಗ ಈ ಗೆರೆಯನ್ನು ಎಳೆದವರಾರು, ದಾಟಿದ ಮಗುವು ಮಾಡಬಲ್ಲ ಕ್ರಿಯೆಯಾವುದು, ತೀರ್ಪು ಮಗುವಿನ ಮೇಲೋ ವ್ಯವಸ್ಥೆಯ ಮೇಲೋ ಎಂಬ ಮೂರನ್ನು ವಿದ್ವಾಂಸರೂ ಭಾಷೋಪಾಧ್ಯಾಯರೂ ಕೇಳಿಯೇ ಮುಂದುವರಿಯತಕ್ಕದ್ದು. ಇವಕ್ಕೆ ಉತ್ತರವು ದೊರೆತಲ್ಲಿ ಆ ಅಂಕಿಯು ಪ್ರಮಾಣವಾಗುವುದು. ದೊರೆಯದಿದ್ದಲ್ಲಿ ಅದನ್ನು ಮಗುವಿನ ಹೆಸರಿನ ಮುಂದೆ ಬರೆಯದಿರುವುದೇ ನ್ಯಾಯ.