ಹೆಸರಿನ ಗಾಡಿ, ತಾಕತ್ತಿನ ಗಾಡಿ

ಭಾನುವಾರ ಫಜ್ರ್ ನಮಾಜು ಮುಗಿಸಿ ಹೆಬ್ಬಾಳದ ಕಡೆ ಚಹಾ ಕುಡಿಯಲು ಹೋದರೆ ಬಳ್ಳಾರಿ ರಸ್ತೆಯಲ್ಲಿ ಒಂದು ಮೆರವಣಿಗೆ ನೋಡಲು ಸಿಗುತ್ತದೆ. ಕೆಂಪು, ಹಳದಿ ಬಣ್ಣದ, ನೆಲಕ್ಕೆ ಅಂಟಿಕೊಂಡಂತಿರುವ ಕಾರುಗಳು ನಂದಿಬೆಟ್ಟದ ದಾರಿ ಹಿಡಿದು ಹೋಗುತ್ತವೆ. ಚಹಾ ಅಂಗಡಿಯ ಹುಡುಗರು ಕಾರು ಕಾಣುವ ಮೊದಲೇ ಸದ್ದು ಕೇಳಿ ಹೆಸರು ಹೇಳಿಬಿಡುತ್ತಾರೆ: ಫೆರಾರಿ, ಲ್ಯಾಂಬೊರ್ಗಿನಿ, ಪೋರ್ಶೆ. ಅದು ಎಷ್ಟು ಓಡುತ್ತದೆಯೋ ಎಂದು ಕೇಳಿದರೆ "ಜಾಸ್ತಿ ಸಾರ್, ತುಂಬಾ ಜಾಸ್ತಿ" ಎನ್ನುತ್ತಾರೆ. ಹೆಸರು ಅವರಿಗೆ ಖಚಿತವಾಗಿ ಗೊತ್ತು. ತಾಕತ್ತು ಮಾತ್ರ ಅಂದಾಜು.

ಅವರನ್ನು ನೋಡಿ ನಗುವ ಹಕ್ಕು ನಮಗಿಲ್ಲ. 2025ರ ಜುಲೈಯಲ್ಲಿ ಬೆಂಗಳೂರಿನ ಸಾರಿಗೆ ಅಧಿಕಾರಿಗಳು ಮಹಾರಾಷ್ಟ್ರದ ನೋಂದಣಿಯಲ್ಲಿ ಇಲ್ಲಿ ಓಡಾಡುತ್ತಿದ್ದ ಒಂದು ಕೆಂಪು ಫೆರಾರಿಗೆ ನೋಟಿಸು ಕೊಟ್ಟು, ಸುಮಾರು 1.42 ಕೋಟಿ ರೂಪಾಯಿ ತೆರಿಗೆ ಕಟ್ಟಿಸಿಕೊಂಡರು. ಆ ಸುದ್ದಿಯನ್ನು ನಾವೂ ಕಣ್ಣರಳಿಸಿ ಓದಿದೆವು. ಎಸ್‌ಎಫ್90 ಸ್ಟ್ರಾಡಾಲೆ ಎಂಬ ಆ ಮಾದರಿಯಲ್ಲಿ ಒಂದು ವಿ8 ಎಂಜಿನ್ನು, ಜೊತೆಗೆ ಮೂರು ವಿದ್ಯುತ್ ಮೋಟಾರುಗಳು, ಎಲ್ಲ ಸೇರಿ ಒಂದು ಸಾವಿರ ಕುದುರೆಗಳ ಬಲ. ನಿಂತಲ್ಲಿಂದ ಎರಡೂವರೆ ಸೆಕೆಂಡಿನಲ್ಲಿ ನೂರು ಕಿಲೋಮೀಟರ್ ವೇಗ, ಗರಿಷ್ಠ 340. ಈಗ ನಮ್ಮ ಬಳ್ಳಾರಿ ರಸ್ತೆಗೆ ಬನ್ನಿ. ವಿಮಾನ ನಿಲ್ದಾಣದ ದಾರಿಯಲ್ಲಿ ವೇಗದ ಮಿತಿ 80. ಅಂದರೆ ಇದ್ದ ವೇಗದ ನಾಲ್ಕನೇ ಒಂದು ಪಾಲೂ ಇಲ್ಲಿ ಕಾನೂನುಬದ್ಧವಲ್ಲ. ವಾರದ ದಿನ ಸಂಜೆ ಹೆಬ್ಬಾಳದ ಮೇಲ್ಸೇತುವೆಯಲ್ಲಾದರೆ ಅದರ ಪಕ್ಕದಲ್ಲೇ ನಿಂತ ತರಕಾರಿ ಟೆಂಪೋಗೂ ಅದಕ್ಕೂ ವೇಗದಲ್ಲಿ ವ್ಯತ್ಯಾಸವೇನೂ ಇರುವುದಿಲ್ಲ. ಟೆಂಪೋ ರಸ್ತೆಯುಬ್ಬನ್ನು ಹಾರಿಕೊಂಡು ಹೋಗುತ್ತದೆ, ಕೋಟಿಗಟ್ಟಲೆಯ ಕಾರು ಹೊಟ್ಟೆ ಉಜ್ಜೀತೆಂಬ ಭಯದಲ್ಲಿ ಓರೆಯಾಗಿ ತೆವಳುತ್ತದೆ. ಇಂಥ ಕಡೆ ಆ ಕಾರಿನಲ್ಲಿ ದಿನವೂ ಕೆಲಸ ಮಾಡುವ ಭಾಗ ಯಾವುದು? ಮೂತಿಯ ಮೇಲಿನ ಕುದುರೆಯ ಲಾಂಛನ.

ಉರ್ದು ಶಾಲೆಯಲ್ಲಿ ಓದಿದವರಿಗೆ 'ಇಸ್ಮ್ ಬಾ ಮುಸಮ್ಮಾ' ಎಂಬ ಮಾತು ಗೊತ್ತಿರುತ್ತದೆ. ಹೆಸರಿಗೆ ತಕ್ಕ ಗುಣವುಳ್ಳದ್ದು ಎಂದು ಅರ್ಥ. ಕನ್ನಡ ಮೇಷ್ಟ್ರು ಅದನ್ನೇ 'ಅನ್ವರ್ಥನಾಮ' ಎಂದು ಕಲಿಸಿದರು. ಎರಡೂ ಭಾಷೆಗಳು ಇದರ ಉಲ್ಟಾ ಪ್ರಕರಣವನ್ನೇ ಹೆಚ್ಚು ಪ್ರೀತಿಯಿಂದ ಸಾಕಿಕೊಂಡಿವೆ. ಅಲ್ಲಿ 'ಆಂಖ್ ಕೇ ಅಂಧೇ, ನಾಮ್ ನೈನ್‌ಸುಖ್'. ಇಲ್ಲಿ 'ಹೆಸರು ಕ್ಷೀರಸಾಗರ ಭಟ್ಟ, ಮಜ್ಜಿಗೆ ನೀರಿಗೂ ಗತಿಯಿಲ್ಲ'.

ನಮ್ಮ ದೇಶದ ರಸ್ತೆಯಲ್ಲಿ ಕ್ಷೀರಸಾಗರ ಭಟ್ಟರಿಗೆ ಬರವಿರಲಿಲ್ಲ. ಹಿಂದೂಸ್ತಾನ್ ಮೋಟಾರ್ಸ್‌ನವರು 1984ರಲ್ಲಿ ಕಾಂಟೆಸಾ ತಂದರು. ಇಟಾಲಿಯನ್ ಭಾಷೆಯಲ್ಲಿ ಆ ಪದಕ್ಕೆ ಶ್ರೀಮಂತ ಜಹಗೀರಿನ ಒಡತಿ ಎಂಬರ್ಥ. ಮೈಕಟ್ಟು ಇಂಗ್ಲೆಂಡಿನ ವಾಕ್ಸ್‌ಹಾಲ್ ಕಾರಿನದು, ಉದ್ದನೆಯ ಬಾನೆಟ್ಟು, ಸಿನಿಮಾದ ಖಳನಾಯಕ ಇಳಿದುಬರಲು ಹೇಳಿ ಮಾಡಿಸಿದಂತಿತ್ತು. ಬಾನೆಟ್ ಎತ್ತಿದರೆ ಒಳಗೆ ಅಂಬಾಸಡರಿನ ಮುದಿ ಎಂಜಿನ್ನು! ಆ ಭಾರ ಎಳೆಯಲಾರದೆ ಅದು ಏದುಸಿರು ಬಿಡುತ್ತಿತ್ತು. ಕೆಲವು ವರ್ಷಗಳ ನಂತರ 1.8 ಲೀಟರಿನ ಇಸುಜು ಎಂಜಿನ್ ಹಾಕಿದ ಮೇಲೆಯೇ ಒಡತಿ ನಡೆ ಕಲಿತದ್ದು. ಇನ್ನು ಅಂಬಾಸಡರ್. 2014ರಲ್ಲಿ ಕಾರ್ಖಾನೆ ನಿಂತು ಕಾರು ಸತ್ತಿತು. 2017ರಲ್ಲಿ ಅದರ ಹೆಸರೊಂದೇ 80 ಕೋಟಿ ರೂಪಾಯಿಗೆ ಫ್ರಾನ್ಸಿನ ಪೂಜೋ ಕಂಪನಿಗೆ ಮಾರಾಟವಾಯಿತು.

ಹಾಗಾದರೆ ಹೆಸರೇ ದೊಡ್ಡದು, ತಾಕತ್ತು ಬರೀ ನೆಪ ಎಂದು ಷರಾ ಬರೆದುಬಿಡಬಹುದಿತ್ತು. ಆದರೆ ಕರ್ನಾಟಕದಲ್ಲೇ ನಡೆದ ಒಂದು ಕಥೆ ನಮ್ಮನ್ನು ತಡೆಯುತ್ತದೆ. ಅದು ಕಾರಿನದಲ್ಲ, ಮೋಟಾರ್ ಸೈಕಲ್ಲಿನದು. ಒಂದು ಕಾಲಕ್ಕೆ ನಮ್ಮ ಮಧ್ಯಮ ವರ್ಗಕ್ಕೆ ವೇಗ ಎಂದರೆ ಅದೇ ಆಗಿತ್ತು.

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಶುರುವಾಯಿತು. ಚೆಕೊಸ್ಲೊವಾಕಿಯಾದ ಜಾವಾ ಗಾಡಿಯನ್ನು ಇರಾನಿ ಮನೆತನದವರು ಇಲ್ಲಿ ತಯಾರಿಸಿದರು. 1973ರ ಹೊತ್ತಿಗೆ ಜಾವಾ ಎಂಬ ಹೆಸರು ಬಿಡಬೇಕಾಗಿ ಬಂದು ಯೆಜ್ಡಿ ಎಂದು ಹೊಸ ಹೆಸರಿಟ್ಟರು. ಯಜ್ದ್ ಇರಾನಿನ ಒಂದು ಊರು. ನಮ್ಮ ಕವಿಗಳು ದೆಹಲ್ವಿ, ಲಖ್ನವಿ ಎಂದು ಊರಿನ ಹೆಸರು ಹಚ್ಚಿಕೊಂಡಂತೆ ಗಾಡಿಯೂ ಯಜ್ದಿ ಆಯಿತು. ಜನ ಗೊಣಗಿದರೇ? ಇಲ್ಲ. ಹೆಸರು ಬದಲಾದರೂ ಗಾಡಿ ಮೂಲತಃ ಅದೇ ಇತ್ತು. ಪೆಟ್ರೋಲಿಗೆ ಎಣ್ಣೆ ಬೆರೆಸಿ ಕುಡಿಸಬೇಕಾದ ಅದೇ ಟೂ ಸ್ಟ್ರೋಕ್ ಎಂಜಿನ್ನು, ಅವಳಿ ಸೈಲೆನ್ಸರು, ಕಿಕ್ಕರನ್ನೇ ಮುಂದಕ್ಕೆ ಮಡಚಿದರೆ ಗೇರಾಗುವ ಅದೇ ಚಮತ್ಕಾರ. ಶೋಳಾವರಂನ ಓಟಗಳಲ್ಲಿ ಅದು ಹೆಸರು ಮಾಡಿತು. 1978ರ ರೋಡ್‌ಕಿಂಗ್ ಬರುವ ಹೊತ್ತಿಗೆ ಜಾವಾ ಎಂದರೂ ಯೆಜ್ಡಿ ಎಂದರೂ ಜನರ ಬಾಯಲ್ಲಿ ಒಂದೇ. 1996ರಲ್ಲಿ ಕಾರ್ಖಾನೆ ಮುಚ್ಚಿತು. ಕೆಲಸಗಾರರು ಬೀದಿಗೆ ಬಂದರು, ಕಂಪನಿ ಸಮಾಪನೆಗೆ ಹೋಯಿತು.

2018ರಲ್ಲಿ ಜಾವಾ, 2022ರ ಜನವರಿಯಲ್ಲಿ ಯೆಜ್ಡಿ ಮರಳಿ ಬಂದವು. ಮಹೀಂದ್ರಾ ಬಂಡವಾಳದ ಕ್ಲಾಸಿಕ್ ಲೆಜೆಂಡ್ಸ್ ಎಂಬ ಹೊಸ ಕಂಪನಿ. ತಯಾರಿಕೆ ಮಧ್ಯಪ್ರದೇಶದ ಪೀಥಮ್‌ಪುರದಲ್ಲಿ. 334 ಸಿಸಿಯ ಫೋರ್ ಸ್ಟ್ರೋಕ್ ಎಂಜಿನ್ನು, ಹಳೆಯ ರೋಡ್‌ಕಿಂಗ್‌ನ ಹತ್ತಿರ ಹತ್ತಿರ ಎರಡು ಪಟ್ಟು ಶಕ್ತಿ, ಒಳ್ಳೆಯ ಬ್ರೇಕು. ತಾಕತ್ತಿನ ಲೆಕ್ಕದಲ್ಲಿ ಹೊಸದೇ ಮೇಲು, ಅನುಮಾನವಿಲ್ಲ. ಆದರೂ ಹಳಬರು ಇದು ಯೆಜ್ಡಿ ಅಲ್ಲ ಎಂದರು. 1973ರಲ್ಲಿ ಹೆಸರು ಬದಲಾದಾಗ ಸುಮ್ಮನಿದ್ದವರು, ಹೆಸರು ಉಳಿದು ಗಾಡಿ ಬದಲಾದಾಗ ಜಗಳಕ್ಕೆ ನಿಂತರು. ಹೆಸರೇ ಮುಖ್ಯವಾಗಿದ್ದರೆ ಇದು ತಲೆಕೆಳಗಾಗಬೇಕಿತ್ತು. ಅಮೆರಿಕದಲ್ಲಿ 2019ರಲ್ಲಿ ಫೋರ್ಡ್ ಕಂಪನಿ ಒಂದು ವಿದ್ಯುತ್ ಕಾರಿಗೆ ಮಸ್ಟಾಂಗ್ ಎಂಬ ಹಳೆಯ ಓಟದ ಹೆಸರು ಇಟ್ಟಾಗಲೂ ಇಂಥದೇ ಗಲಾಟೆಯಾಯಿತು. ಆ ಜನ ಅಳುತ್ತಿದ್ದದ್ದು ಕುದುರೆ ಬಲದ ಕೊರತೆಗಲ್ಲ, ತಮ್ಮ ಅನುಭವಕ್ಕೆ ಅಂಟಿಕೊಂಡಿದ್ದ ಹೆಸರನ್ನು ಯಾರೋ ಬಿಡಿಸಿ ಬೇರೆಲ್ಲೋ ಹಚ್ಚಿದರಲ್ಲ ಎಂದು.

ಯೆಜ್ಡಿ ಎಂಬ ಹೆಸರು ಯಾರದು ಎಂಬ ಪ್ರಶ್ನೆ ಕರ್ನಾಟಕ ಹೈಕೋರ್ಟಿನ ಮೆಟ್ಟಿಲೇರಿತು. ಅದು ಸಮಾಪನೆಯಲ್ಲಿರುವ ಹಳೆಯ ಕಂಪನಿಯ ಆಸ್ತಿ ಎಂದು 2022ರ ಡಿಸೆಂಬರಿನಲ್ಲಿ ಏಕಸದಸ್ಯ ಪೀಠ ಹೇಳಿತು. 2025ರ ನವೆಂಬರಿನಲ್ಲಿ ವಿಭಾಗೀಯ ಪೀಠ ಆ ತೀರ್ಪನ್ನು ರದ್ದುಪಡಿಸಿ, ಹೆಸರನ್ನು ಮತ್ತೆ ನೋಂದಾಯಿಸಿಕೊಂಡಿದ್ದ ಸಂಸ್ಥಾಪಕರ ಮಗನ ಕಡೆಗೆ ನಿಂತಿತು. ಕಾನೂನಿನ ಸರಿತಪ್ಪು ಹೇಳಲು ನಾವು ವಕೀಲರಲ್ಲ. ಕಥೆಗಾರರಾಗಿ ನಮ್ಮನ್ನು ಕಾಡುವುದು ಬೇರೆ. ಆ ಹೆಸರಿಗೆ ಬೆಲೆ ತಂದವರು ಮೂವತ್ತೈದು ವರ್ಷ ಮೈಸೂರಿನಲ್ಲಿ ಎರಕ ಹೊಯ್ದ, ಬೋಲ್ಟು ಬಿಗಿದ ಕೈಗಳು; ಕಾರ್ಖಾನೆ ಮುಚ್ಚಿದ ಮೇಲೂ ಗಾಡಿಗಳನ್ನು ಸಾಯಗೊಡದೆ ನಡೆಸಿದ ಗಲ್ಲಿಗಲ್ಲಿಯ ಮೆಕ್ಯಾನಿಕ್ಕುಗಳು. ದಾವೆಯಲ್ಲಿ ಅವರು ಯಾವ ಪಕ್ಷವೂ ಅಲ್ಲ.

ಅಂಥ ಒಬ್ಬ ಉಸ್ತಾದರು ಆರ್.ಟಿ. ನಗರದ ಹಿಂದಿನ ಗಲ್ಲಿಯಲ್ಲಿ ನಮಗೆ ಪರಿಚಯ. ಗಾಡಿ ದೂರದಲ್ಲಿ ಬರುತ್ತಿರುವಾಗಲೇ ಪಿಸ್ಟನ್ ಸವೆದಿದೆಯೋ ಕಾರ್ಬುರೇಟರ್ ಕಟ್ಟಿದೆಯೋ ಹೇಳಬಲ್ಲವರು. ಹೆಸರು ದೊಡ್ಡದೋ ತಾಕತ್ತೋ ಎಂದು ಅವರನ್ನೇ ಕೇಳಿದೆವು. "ಗಾಡಿಗೆ ಹೆಸರು ಬೇಕು ಭಾಯ್. ಹೆಸರಿದ್ದರೆ ಇಪ್ಪತ್ತು ವರ್ಷ ಆದಮೇಲೂ ಯಾರಾದರೂ ಪಾರ್ಟ್ಸ್ ಮಾಡಿಕೊಡ್ತಾರೆ. ಹೆಸರಿಲ್ಲದ ಗಾಡಿ ಎಷ್ಟು ಚೆನ್ನಾಗಿ ಓಡಿದರೂ ಗುಜರಿಗೇ" ಎಂದರು. ನಾವು ಈ ತನಕ ಯೋಚಿಸದಿದ್ದ ಮಾತು ಅದು. ಹೆಸರು ಎಂದರೆ ಬರೀ ಡೌಲು ಎಂದುಕೊಂಡಿದ್ದೆವು. ಅವರಿಗೆ ಅದು ಕೆಟ್ಟಾಗ ಕೈಹಿಡಿಯುವವರು ಸಿಗುತ್ತಾರೆಂಬ ಭರವಸೆ.

ಆಮೇಲೆ ನಮ್ಮ ಕಣ್ಣು ಅವರ ಬೋರ್ಡಿನ ಮೇಲೆ ಹೋಯಿತು. ನೀಲಿ ತಗಡಿನ ಮೇಲೆ 'ಸ್ಟಾರ್ ಆಟೋ ವರ್ಕ್ಸ್' ಎಂದಿದೆ, ಅವರ ಹೆಸರು ಎಲ್ಲೂ ಇಲ್ಲ. ಯಾಕೆಂದು ನಾವು ಕೇಳಲಿಲ್ಲ, ಕೇಳುವ ಅಗತ್ಯವಿರಲಿಲ್ಲ. ಇದೇ ಉತ್ತರ ಬೆಂಗಳೂರಿನಲ್ಲಿ ಬಾಡಿಗೆ ಮನೆ ಹುಡುಕುವಾಗ, ಫೋನಿನಲ್ಲಿ ಸಂಬಳ, ನೌಕರಿ, ಮಕ್ಕಳೆಷ್ಟು ಎಲ್ಲ ಸರಿಹೋಗಿ, ಕೊನೆಗೆ "ತಮ್ಮ ಹೆಸರು?" ಎಂದು ಕೇಳಿದ ಮೇಲೆ ಆ ಕಡೆ ಬೀಳುವ ಮೌನ ನಮಗೂ ಪರಿಚಿತ. ಸುಖದೇವ್ ಥೋರಟ್ ಮತ್ತು ಪಾಲ್ ಅಟೆವೆಲ್ ಎಂಬ ವಿದ್ವಾಂಸರು 2007ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಒಂದೇ ಬಗೆಯ ವಿದ್ಯಾರ್ಹತೆಯ ಅರ್ಜಿಗಳನ್ನು ಮೇಲ್ಜಾತಿಯ, ದಲಿತರ, ಮುಸಲ್ಮಾನರ ಹೆಸರುಗಳಲ್ಲಿ ಖಾಸಗಿ ಕಂಪನಿಗಳಿಗೆ ಕಳಿಸಿ ನೋಡಿದ್ದರು. ದಲಿತ ಹೆಸರಿಗೆ ಸಂದರ್ಶನದ ಕರೆ ಬರುವ ಸಂಭವ ಕಡಿಮೆ. ಮುಸ್ಲಿಂ ಹೆಸರಿಗೆ ಮೇಲ್ಜಾತಿಯ ಹೆಸರಿನ ಮೂರನೇ ಒಂದರಷ್ಟು. ತಾಕತ್ತು ಮೂವರದೂ ಅದೇ ಕಾಗದದ ಮೇಲೆ, ಅದೇ ಅಂಕಗಳಲ್ಲಿತ್ತು.

ಕಾರಿನ ಹೆಸರಿಗೆ ಮರುಳಾಗುವುದನ್ನು ಶ್ರೀಮಂತರ ಹುಚ್ಚು ಎಂದು ತಳ್ಳಿಹಾಕಲು ನಮಗೆ ಮನಸ್ಸು ಬಾರದಿರುವುದು ಇದಕ್ಕೇ. ಬಾನೆಟ್ ಎತ್ತಿ ನೋಡದೆ ಮೂತಿಯ ಲಾಂಛನ ನೋಡಿಯೇ ಬೆಲೆ ಕಟ್ಟುವ ಅಭ್ಯಾಸ ಶೋರೂಮಿನಲ್ಲಿ ಶುರುವಾದದ್ದೂ ಅಲ್ಲ, ಅಲ್ಲಿಗೇ ನಿಲ್ಲುವುದೂ ಇಲ್ಲ.

ನಾವು ಹೊರಡುವ ಹೊತ್ತಿಗೆ ಒಬ್ಬ ಯುವಕ ತಾತನ ಕಾಲದ ರೋಡ್‌ಕಿಂಗ್ ತಳ್ಳಿಕೊಂಡು ಬಂದ. ಯಲಹಂಕದಿಂದ ವಿಳಾಸ ಕೇಳುತ್ತಾ ಬಂದನಂತೆ. ಯಾವ ಗ್ಯಾರೇಜೆಂದು ಕೇಳಿದನೋ ಎಂದೆವು. "ಬೋರ್ಡಿನ ಹೆಸರು ಗೊತ್ತಿಲ್ಲ ಸಾರ್. ಯೆಜ್ಡಿ ಸಾಬರ ಗ್ಯಾರೇಜ್ ಎಲ್ಲಿ ಅಂದೆ, ಎಲ್ಲರೂ ತೋರಿಸಿದರು" ಎಂದ. ಉಸ್ತಾದರು ಕೈ ಒರೆಸಿಕೊಂಡು ಟ್ಯಾಂಕಿನ ಮುಚ್ಚಳ ತೆಗೆದು, ಎಣ್ಣೆ ಎಷ್ಟು ಹಾಕಿದ್ದೀಯ ಎಂದು ಗದರತೊಡಗಿದರು.