ಹೊಳಪಿನ ಭಕ್ತಿ: ಹಳೆಯ ಬಲಿಪೀಠಗಳ ನವೀಕರಣ ಕುರಿತು ಒಂದು ವಿಮರ್ಶೆ

ಹೇಮಗುಡ್ಡದ ಕೋಟೆಯನ್ನೂ ದುರ್ಗಾದೇವಿಯ ಗುಡಿಯನ್ನೂ ಬಲ್ಲವರಿಗೆ ಅದೇ ಕೊಪ್ಪಳ ಜಿಲ್ಲೆಯ ಕಿನ್ನಾಳ ಹೊಸತಲ್ಲ. ಅಲ್ಲಿನ ಚಿತ್ರಗಾರರು ಹಗುರ ಮರವನ್ನು ಕೆತ್ತಿ, ಹುಣಸೆಬೀಜದ ಅಂಟಿನಿಂದ ಭಾಗಗಳನ್ನು ಕೂಡಿಸಿ, ಬಣ್ಣ ತುಂಬಿ ಮೂರ್ತಿಗಳನ್ನು ಮಾಡುತ್ತಾರೆ. ಗ್ರಾಮದೇವತೆಯ ಮರದ ಮೂರ್ತಿಗೆ ಜಾತ್ರೆಗೆ ಮುನ್ನ ಮತ್ತೆ ಬಣ್ಣ ಹಚ್ಚಿಸುವುದು ನಮ್ಮ ನಾಡಿನ ವಾಡಿಕೆ. ಅಲ್ಲಿ ಅದು ಸಲ್ಲುತ್ತದೆ, ಏಕೆಂದರೆ ಮೂರ್ತಿಯನ್ನು ಮಾಡಿದ ವಿದ್ಯೆಯೇ ಅದನ್ನು ನವೀಕರಿಸುತ್ತದೆ. ಇದೇ ವಾಡಿಕೆಯನ್ನು ನಮ್ಮ ಹಳೆಯ ಬಲಿಪೀಠಗಳಿಗೆ ಅನ್ವಯಿಸುವುದು ಸರಿಯೆ?

ಅಂತಹ ಬಲಿಪೀಠಗಳ ಪರಂಪರೆಯನ್ನು ಗೋವೆಯಲ್ಲಿ ಸ್ಪಷ್ಟವಾಗಿ ಕಾಣಬಹುದು. ಕೆತ್ತಿದ ಮರದ ಮೇಲೆ ಸುಣ್ಣದ ಪುಡಿ ಮತ್ತು ಅಂಟಿನ ಲೇಪ, ಅದರ ಮೇಲೆ ಕೆಂಪು ಜೇಡಿಮಣ್ಣು, ಕೊನೆಗೆ ಚಿನ್ನದ ಹಾಳೆ: ಇದು ಅದರ ಕ್ರಮ. ಇದರ ಮೇಲೆ ಬಳಿಯುವ ಹಿತ್ತಾಳೆಪುಡಿಯ 'ಚಿನ್ನದ ಬಣ್ಣ' ಕೆಲವೇ ವರ್ಷಗಳಲ್ಲಿ ಕಪ್ಪಾಗುತ್ತದೆ. ಅದನ್ನು ಕೆರೆದು ತೆಗೆಯಹೊರಟರೆ ಕೆಳಗಿನ ಚಿನ್ನವೂ ಕಳಚಿ ಬರುತ್ತದೆ. ಇದನ್ನು ನಾವು ತಡವಾಗಿ ಕಲಿತೆವು. ಹಬ್ಬದ ಸಿದ್ಧತೆಯ ಗಡಿಬಿಡಿಯಲ್ಲಿ ಇಂಥದೊಂದು ಕೆಲಸಕ್ಕೆ ಒಪ್ಪಿಗೆಯಿತ್ತವರಲ್ಲಿ ನಾವೂ ಒಬ್ಬರು.

ಹೊಸತನದ ಆಸೆಯಂತೆ ಹಳತಾಗಿ ಕಾಣಿಸುವ ಆಸೆಯೂ ಕೆಡುಕು ಮಾಡಬಲ್ಲದು. 1605ರಲ್ಲಿ ಪ್ರತಿಷ್ಠೆಗೊಂಡ ಹಳೆ ಗೋವೆಯ ಬಾಮ್ ಜೀಸಸ್ ಮಹಾದೇವಾಲಯದ ಹೊರಗೋಡೆಯ ಗಾರೆಯನ್ನು 1950ರ ದಶಕದಲ್ಲಿ ತೆಗೆಯಲಾಯಿತು. ಅಂದಿನಿಂದ ಅದರ ಜಂಬಿಟ್ಟಿಗೆ ಕಲ್ಲು ಮಳೆಗೆ ತೆರೆದುಕೊಂಡಿದೆ. ಗೋಡೆ ಹೀರುವ ತೇವವೇ ಒಳಗಿನ ಮರಕ್ಕೆ ಮೊದಲ ಶತ್ರು. ಗೆದ್ದಲು ಅದರ ಹಿಂದೆಯೇ ಬರುತ್ತದೆ.

ಹಾಗಾದರೆ ಎಲ್ಲವನ್ನೂ ವಸ್ತುಸಂಗ್ರಹಾಲಯಕ್ಕೆ ಒಪ್ಪಿಸೋಣವೆ? 1994ರಲ್ಲಿ ರಾಶೋಲ್ ಗುರುಮಠದಲ್ಲಿ ಆರಂಭವಾಗಿ 2002ರಲ್ಲಿ ಹಳೆ ಗೋವೆಯ ಸಾಂತಾ ಮೋನಿಕಾ ಮಠಕ್ಕೆ ಬಂದ ಕ್ರೈಸ್ತ ಕಲಾ ಸಂಗ್ರಹಾಲಯದ ಸೇವೆ ದೊಡ್ಡದು. ಆದರೂ ಅಲ್ಲಿ ಸ್ವರೂಪದ ಮುಂದೆ ನೋಡುಗರು ನಿಲ್ಲುತ್ತಾರೆ. ದೇವಾಲಯದಲ್ಲಿ ಜನ ಮೊಣಕಾಲೂರುತ್ತಾರೆ. ಸಾಧ್ಯವಿರುವಲ್ಲೆಲ್ಲ ಮರವನ್ನು ಆರಾಧನೆಯ ನಡುವೆಯೇ ಉಳಿಸಿಕೊಳ್ಳುವುದು ಮೇಲು.

787ರ ಎರಡನೆಯ ನಿಸೇಯ ಮಹಾಸಭೆ ಸ್ವರೂಪಗಳ ಗೌರವವನ್ನು ಸಮರ್ಥಿಸಿದ್ದರ ಹಿಂದೆ ಮನುಷ್ಯಾವತಾರದ ವಿಶ್ವಾಸವಿದೆ. ದೇವರು ದೇಹ ಧರಿಸಿದ್ದರಿಂದ ಜಡವಸ್ತುವಿಗೂ ಒಂದು ಘನತೆ ಬಂದಿತು. ಆ ಘನತೆಯಲ್ಲಿ ಮರದ ಬಿರುಕು, ಸವೆತ, ತಲೆಮಾರುಗಳ ಕೈ ತಾಗಿ ಮಾಸಿದ ಅಂಚು ಎಲ್ಲವೂ ಸೇರಿವೆ. ಪುನರುತ್ಥಾನಗೊಂಡ ಪ್ರಭುವಿನ ದೇಹದಲ್ಲಿಯೂ ಗಾಯದ ಗುರುತುಗಳು ಅಳಿಯಲಿಲ್ಲ ಎಂಬುದನ್ನು ನಾವು ಪ್ರತಿ ಪಾಸ್ಕ ಕಾಲದಲ್ಲಿ ಬೋಧಿಸುತ್ತೇವೆ.

ಧರ್ಮಸಭೆಯ ಕಾನೂನು ಸಂಹಿತೆಯ 1189ನೆಯ ನಿಯಮವು ಪ್ರಾಚೀನತೆ, ಕಲೆ ಅಥವಾ ಭಕ್ತಿಯ ಕಾರಣದಿಂದ ಅಮೂಲ್ಯವಾದ ಸ್ವರೂಪಗಳ ದುರಸ್ತಿಗೆ ಧರ್ಮಾಧಿಕಾರಿಯ ಲಿಖಿತ ಅನುಮತಿ ಬೇಕೆನ್ನುತ್ತದೆ. ಆ ಅಧಿಕಾರಿಯೂ ಮೊದಲು ತಜ್ಞರನ್ನು ಕೇಳಬೇಕು. ಈ ನಿಯಮವನ್ನು ಪರೀಕ್ಷೆಗಾಗಿ ಓದಿ ಮರೆಯುವವರೇ ಹೆಚ್ಚು. ನಾಳೆ ಧರ್ಮಕೇಂದ್ರಗಳ ಹೊಣೆ ಹೊರುವ ಗುರುವಿದ್ಯಾರ್ಥಿಗಳಲ್ಲಿ ನಮ್ಮ ವಿನಂತಿ ಇಷ್ಟೆ: ಮೊದಲು ಸೋರುವ ಮಾಡನ್ನು ಸರಿಪಡಿಸಿ, ಇರುವುದನ್ನು ಇದ್ದಂತೆ ಛಾಯಾಚಿತ್ರದಲ್ಲಿ ದಾಖಲಿಸಿ, ತಜ್ಞರನ್ನು ಕರೆಸಿ. ಅಲ್ಲಿಯವರೆಗೆ ಬಣ್ಣದ ಡಬ್ಬಿಯ ಮುಚ್ಚಳ ತೆರೆಯಬೇಡಿ.